ಓದಿ ಹೇಳಿದ್ದೇನೆ ಎಂದು ರುಜು ಹಾಕಿದವಳು

ತಿಪಟೂರಿನಲ್ಲಿ ಒಬ್ಬ ಲಾಯರ ಆಫೀಸಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಟೈಪಿಸ್ಟ್ ಆಗಿದ್ದೆ ಎಂದರೆ, "ಹಂಗಾದ್ರೆ ಕಾನೂನೆಲ್ಲ ಅರೆದು ಕುಡ್ದಿರ್ತೀರ ಬಿಡಿ ಶಾರದಮ್ಮ" ಅನ್ನುತ್ತಾರೆ ಜನ. ಕಾನೂನನ್ನೂ ಕುಡಿದಿಲ್ಲ, ಮಣ್ಣನ್ನೂ ಕುಡಿದಿಲ್ಲ. ನಾನು ಕುಡಿದದ್ದು ಎದುರಿನ ಹೋಟೆಲಿನ ಅರ್ಧ ಲೋಟ ಟೀ, ದಿನಕ್ಕೆ ನಾಲ್ಕು ಸಲ. ನನಗೆ ಗೊತ್ತಿದ್ದದ್ದು ಕಾಗದ ಒಂದೇ. ದಾವೆ ಹಾಕುವವರ ಕಾಗದಕ್ಕೆ ವಾದಪತ್ರ ಅನ್ನುತ್ತಾರೆ, ಅದಕ್ಕೆ ಎದುರಿನವರು ಕೊಡುವ ಉತ್ತರಕ್ಕೆ ಪ್ರತಿವಾದ ಪತ್ರ. ಈ ಎರಡನ್ನು ಎಷ್ಟು ಸಾವಿರ ಹಾಳೆ ಬಡಿದಿದ್ದೇನೋ ಆ ಶಿವನಿಗೇ ಗೊತ್ತು. ಈಗ ನನ್ನ ಕುರ್ಚಿಯಲ್ಲಿ ಕೂತಿರುವವರಿಗೆ, ಮುಂದೆ ಕೂರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಸಂಬಳ ಎಷ್ಟಿತ್ತು, ಯಾವಾಗ ಏರಿತು ಎಂಬುದನ್ನೆಲ್ಲ ಕೇಳಬೇಡಿ. ಹೇಳಬೇಕಾದದ್ದು ಬೇರೆ ಇದೆ, ಅದನ್ನು ಹೇಳುವುದಕ್ಕೆ ಮೊದಲು ಸ್ವಲ್ಪ ಧೈರ್ಯ ಕೂಡಿಸಿಕೊಳ್ಳಬೇಕು.

ಸೇರಿದ ಹೊಸದರಲ್ಲಿ ಟೈಪ್ ಮಿಷನ್ನು, ನಡುವೆ ಕಾರ್ಬನ್ ಹಾಳೆ. ಕೋರ್ಟಿಗೊಂದು, ಎದುರಿನವರಿಗೊಂದು, ನಮಗೊಂದು. ಮೂರನೆಯ ಪ್ರತಿಯಲ್ಲಿ ಅಕ್ಷರ ಮಂಜು ಮಂಜು. ಒಂದು ಅಕ್ಷರ ತಪ್ಪಿದರೆ ಮೂರರಲ್ಲೂ ಉಜ್ಜಿ ತಿದ್ದಬೇಕು. ಹಾಗಾಗಿ ತಪ್ಪೇ ಆಗದ ಹಾಗೆ ಬಡಿಯುವುದನ್ನು ಬೆರಳು ತಾನೇ ಕಲಿತುಕೊಂಡಿತು. ಕಲಿಯಲು ಕಷ್ಟವಾದದ್ದು ಟೈಪಿಂಗ್ ಅಲ್ಲ, ಜನರ ಮಾತನ್ನು ಕತ್ತರಿಸುವುದು.

ನಮ್ಮ ಸೀಮೆಯವರು ಕೇಸು ಹೇಳುವುದಕ್ಕೆ ಕೂತರೆ ಮುತ್ತಜ್ಜನ ಕಾಲದಿಂದ ಶುರು. ಒಬ್ಬ ಯಜಮಾನರು ಪಕ್ಕದ ತೋಟದವನ ಮೇಲೆ ದಾವೆ ಹಾಕಲು ಬಂದಿದ್ದರು. ಅವನ ತೆಂಗಿನ ಮರದ ಗರಿ ಬಿದ್ದು ಇವರ ಸಸಿ ಮುರಿದಿತ್ತು. ಅಷ್ಟನ್ನು ಹೇಳಲು ಅವರಿಗೆ ಒಂದು ಮಧ್ಯಾಹ್ನ ಬೇಕಾಯಿತು. ಆ ಮರ ಯಾರು ನೆಟ್ಟರು, ನೆಟ್ಟವನ ಹೆಂಡತಿ ಯಾವ ಊರಿನವಳು, ಅವಳು ಇವರ ದೊಡ್ಡಮ್ಮನಿಗೆ ಏನು ಅಂದಿದ್ದಳು, ಎಲ್ಲ ಬಂತು. ನಮ್ಮ ಸಾಹೇಬರು, ಅಂದರೆ ಆಫೀಸಿನ ಲಾಯರು, ಕಣ್ಣು ಮುಚ್ಚಿ ಕೇಳಿದರು. ಎಲ್ಲ ಮುಗಿದ ಮೇಲೆ ನನ್ನ ಕಡೆ ತಿರುಗಿ ಮೂರು ಸಾಲು ಹೇಳಿದರು. ಯಜಮಾನರಿಗೆ ಸಿಟ್ಟು ಬಂತು. "ಇದೇನ್ ಸಾರ್, ನಾನು ಅಷ್ಟೊತ್ತು ಬಾಯಿ ಬಡ್ಕಂಡಿದ್ದು ಇಷ್ಟೇನಾ?" ಅಂದರು. ಸಾಹೇಬರು ನಕ್ಕು, "ಜಡ್ಜಿಗೆ ನಿಮ್ಮ ದೊಡ್ಡಮ್ಮ ಬ್ಯಾಡ ಕಣ್ರೀ, ಗರಿ ಸಾಕು" ಅಂದರು.

ಅವರ ಬಾಯಲ್ಲಿ ಅಣ್ಣ, ಭಾವ, ಚಿಕ್ಕಪ್ಪ ಆಗಿದ್ದವರೆಲ್ಲ ನನ್ನ ಮಿಷನ್ನಿನ ಹೊಟ್ಟೆಯಿಂದ ಹೊರಬರುವಾಗ ವಾದಿ, ಒಂದನೇ ಪ್ರತಿವಾದಿ, ಎರಡನೇ ಪ್ರತಿವಾದಿ ಆಗಿರುತ್ತಿದ್ದರು. ಮೊದಮೊದಲು ನನಗೆ ಸಂಕಟವಾಗುತ್ತಿತ್ತು. ಆಮೇಲೆ ಎಲ್ಲರ ಮನೆ ದೋಸೆಯೂ ತೂತೇ ಎಂದು ಅಭ್ಯಾಸವಾಗಿ ಹೋಯಿತು. ಅಭ್ಯಾಸವಾಗಬಾರದಿತ್ತು ಎಂದು ಈಗ ಅನ್ನಿಸುತ್ತದೆ.

ಪ್ರತಿವಾದ ಪತ್ರಕ್ಕೆ ಒಂದು ನಿಯಮವಿದೆ, ನೀವೂ ಮೊದಲ ವಾರದಲ್ಲೇ ಕೇಳಿರುತ್ತೀರಿ. ಎದುರಿನವರು ಬರೆದ ಯಾವ ಮಾತನ್ನು ನಾವು ಸ್ಪಷ್ಟವಾಗಿ ಅಲ್ಲಗಳೆಯುವುದಿಲ್ಲವೋ ಆ ಮಾತನ್ನು ಒಪ್ಪಿಕೊಂಡ ಹಾಗೆ. ಸುಮ್ಮನಿದ್ದರೆ ಹ್ಞೂಂ ಅಂದಂತೆ. ಆದ್ದರಿಂದ ಅವರ ಒಂದೊಂದು ಪ್ಯಾರಾವನ್ನೂ ಹಿಡಿದು, ಇದು ಸುಳ್ಳು, ಇದು ಸುಳ್ಳು, ಇದನ್ನು ವಾದಿಯೇ ರುಜುವಾತು ಮಾಡಬೇಕು ಎಂದು ಬರೆಯುತ್ತಾ ಹೋಗಬೇಕು.

ಈ ನಿಯಮ ನನ್ನ ಬೆನ್ನ ಮೇಲೆ ಬರೆ ಎಳೆದದ್ದು ರಂಗಣ್ಣನ ಕೇಸಿನಲ್ಲಿ. ರಂಗಣ್ಣ ತುರುವೇಕೆರೆ ಕಡೆಯ ಬಡಪಾಯಿ ರೈತ. ಅವನ ತೋಟದ ಬದುವಿನ ಮೇಲೆ ತನಗೆ ಗಾಡಿ ದಾರಿ ಇದೆ ಎಂದು ಹಿಂದಿನ ತೋಟದವನು ದಾವೆ ಹಾಕಿದ್ದ. ಹಿಂದಿನಿಂದಲೂ ಅಲ್ಲಿ ಗಾಡಿ ಹೊಡೆಯುತ್ತಿದ್ದೇನೆ ಎಂದು ಆರನೇ ಪ್ಯಾರಾದಲ್ಲಿ ಬರೆಸಿದ್ದ. ಅದು ಅಪ್ಪಟ ಸುಳ್ಳು. ಅವತ್ತು ನನ್ನ ಅತ್ತೆಗೆ ಹುಷಾರಿರಲಿಲ್ಲ, ಬೇಗ ಮನೆಗೆ ಹೋಗುವ ಅವಸರದಲ್ಲಿ ಐದನೇ ಪ್ಯಾರಾ ಅಲ್ಲಗಳೆದು ಸೀದಾ ಏಳಕ್ಕೆ ಹಾರಿದೆ. ಸಾಹೇಬರೂ ನೋಡದೆ ರುಜು ಹಾಕಿದರು. ವರ್ಷಗಳಾದ ಮೇಲೆ ವಾದ ನಡೆಯುವಾಗ ಎದುರಿನ ಲಾಯರು ಎದ್ದು ನಿಂತು, ಗಾಡಿ ಓಡಾಡುತ್ತಿದ್ದದ್ದನ್ನು ಇವರು ಅಲ್ಲಗಳೆದೇ ಇಲ್ಲ ಸ್ವಾಮಿ ಎಂದು ತೋರಿಸಿದರು. ಮುಗಿಯಿತು. ಬದುವನ್ನು ದಾರಿಗೆ ಬಿಟ್ಟುಕೊಡಬೇಕಾಯಿತು, ದಾರಿಗೆ ಅಡ್ಡವಿದ್ದ ಫಸಲಿನ ಮರಗಳೂ ಹೋದವು.

ರಂಗಣ್ಣ ಆಫೀಸಿಗೆ ಬಂದು ಕೂಗಾಡಲಿಲ್ಲ. ಕೂಗಾಡಿದ್ದರೆ ಎಷ್ಟೋ ವಾಸಿಯಿತ್ತು. ನನ್ನ ಮೇಜಿನ ಮುಂದೆ ನಿಂತು, "ನಿನ್ ಮಿಷನ್ನು ಒಂದು ಸಾಲು ನುಂಗ್ಬುಡ್ತಾ ತಾಯಿ?" ಎಂದು ಕೇಳಿದ. ಸಾಹೇಬರು ಒಳಗಿನಿಂದ ಬಂದು, "ಅವರದಲ್ಲ ತಪ್ಪು, ನಂದು" ಅಂದರು. ಅವರು ಅಂಥವರು. ಕಕ್ಷಿದಾರರ ಎದುರಿಗೆ ನನ್ನನ್ನು ಯಾವತ್ತೂ ಬಿಟ್ಟುಕೊಡಲಿಲ್ಲ. ಅವನು ಹೋದ ಮೇಲೆ ಬಾಗಿಲು ಹಾಕಿಕೊಂಡು ಮಾತ್ರ, "ಇನ್ಮೇಲೆ ಸೂರ್ಯ ಪೂರ್ವದಲ್ಲಿ ಹುಟ್ತಾನೆ ಅಂತ ಅವರು ಬರೆದಿದ್ರೂ ಅಲ್ಲಗಳೀರಿ ಶಾರದಮ್ಮ. ತಿಳೀತಾ?" ಅಂದರು. ತಿಳಿಯಿತು. ತೀರಾ ಚೆನ್ನಾಗಿ ತಿಳಿಯಿತು. ಅಂದಿನಿಂದ ನನಗೆ ಭಯ ಹೊಕ್ಕಿತು, ಎದುರಿನವರು ಬರೆದ ಒಂದಕ್ಷರವನ್ನೂ ಬಿಡದೆ ಸುಳ್ಳು ಎಂದು ಬಡಿಯತೊಡಗಿದೆ.

ಅಷ್ಟರಲ್ಲಿ ಕಂಪ್ಯೂಟರ್ ಬಂತು. ಒಂದು ಸಲ ಟೈಪ್ ಮಾಡಿದ್ದನ್ನು ಇಟ್ಟುಕೊಂಡು, ಹೆಸರು, ಸರ್ವೆ ನಂಬರ್ ಬದಲಾಯಿಸಿದರೆ ಹೊಸ ಕೇಸಿನ ಕಾಗದ ತಯಾರು. ಆಹಾ, ಏನು ಸುಖ ಅಂದುಕೊಂಡೆ. ಸುಖದ ಜೊತೆಗೆ ಮಂಗಾಟವೂ ಬಂತು. ಅಮ್ಮಸಂದ್ರದ ಕಡೆಯ ಒಂದು ಮನೆ ಜಾಗದ ಕಾಗದದಲ್ಲಿ ಬೇರೆ ಯಾವುದೋ ತೋಟದ ಚಕ್ಕುಬಂದಿ ಹಾಗೇ ಉಳಿದು, ಮನೆಯ ನಾಲ್ಕು ದಿಕ್ಕಿನ ಗಡಿಯಲ್ಲಿ ಪೂರ್ವಕ್ಕೆ ಕೆರೆ ಏರಿ ಬಂದಿತ್ತು. ಬೆಂಚ್ ಕ್ಲರ್ಕು ನನ್ನನ್ನು ಕರೆದು, "ಏನಮ್ಮಾ, ಇವರ ಮನೆ ಬಾಗ್ಲು ತೆಗೆದ್ರೆ ಸೀದಾ ನೀರಿಗೆ ಬೀಳ್ತಾರಾ?" ಎಂದು ಗೇಲಿ ಮಾಡಿದ. ಎಲ್ಲರೂ ನಕ್ಕರು, ನಾನೂ ನಕ್ಕೆ.

ಅದೇ ಕಂಪ್ಯೂಟರಿನಲ್ಲಿ ಪಾಲು ದಾವೆಗಳಿಗೆಂದು ಒಂದು ನಮೂನೆ ಇಟ್ಟುಕೊಂಡಿದ್ದೆ. ಅದು ಹುಟ್ಟಿದ್ದು ಒಂದು ನಿಜವಾದ ಕೇಸಿನಿಂದ. ಸತ್ತುಹೋದ ಒಬ್ಬ ಯಜಮಾನನ ಮಗ ತಾನು ಎಂದು ಯಾರೋ ಸುಳ್ಳು ಹೇಳಿಕೊಂಡು ಬಂದು ಪಾಲು ಕೇಳಿದ್ದ. ಅವನಿಗೆ ಉತ್ತರವಾಗಿ ಸಾಹೇಬರು, "ವಾದಿಯು ಮಗನೆಂಬುದು ಸುಳ್ಳು, ವಾದಿಯು ಈ ಕುಟುಂಬಕ್ಕೆ ಸೇರಿದವನಲ್ಲ, ಸಂಬಂಧವನ್ನು ಪ್ರತಿವಾದಿಗಳು ಒಪ್ಪುವುದಿಲ್ಲ, ವಾದಿಯೇ ರುಜುವಾತುಪಡಿಸತಕ್ಕದ್ದು" ಎಂದು ಹೇಳಿ ಬರೆಸಿದ್ದರು. ಆ ಕೇಸಿನಲ್ಲಿ ಅದು ಸತ್ಯವಾಗಿತ್ತು. ಗೆದ್ದೆವು. ಗೆದ್ದ ಕಾಗದ ಎಂದು ಆ ಪ್ಯಾರಾವನ್ನು ನಮೂನೆಯಲ್ಲಿ ಇಟ್ಟೆ. ಆಮೇಲೆ ಬಂದ ಪಾಲು ದಾವೆಗಳಿಗೆಲ್ಲ ಅದು ತಾನಾಗಿಯೇ ಸೇರಿಕೊಳ್ಳುತ್ತಾ ಹೋಯಿತು. ನಮ್ಮ ಆಫೀಸು ಮಾತ್ರವಲ್ಲ, ಸುತ್ತಮುತ್ತ ಎಷ್ಟೋ ಕಡೆ ಇದೇ ರೂಢಿ. ಲಾಯರಿಗೆ ಗೊತ್ತು, ಜಡ್ಜಿಗೆ ಗೊತ್ತು, ಅದೊಂದು ಮಾಮೂಲು ಎಂದು. ಗೊತ್ತಿಲ್ಲದವರು ಯಾರೆಂದರೆ ಆ ಕಾಗದದಲ್ಲಿ ಹೆಸರಿರುವವರು ಮಾತ್ರ.

ಈಗ ಬಿಳಿಗೆರೆಯ ಸಿದ್ದಗಂಗಮ್ಮನವರ ವಿಷಯಕ್ಕೆ ಬರುತ್ತೇನೆ.

ಸಿದ್ದಗಂಗಮ್ಮನವರಿಗೆ ಗಂಡ ತೀರಿಕೊಂಡಿದ್ದರು. ಇಬ್ಬರೇ ಮಕ್ಕಳು. ಮಗ ಮಲ್ಲೇಶಪ್ಪ ಊರಿನಲ್ಲೇ ತೋಟ ನೋಡಿಕೊಂಡಿದ್ದ. ಮಗಳು ಪಾರ್ವತಮ್ಮನನ್ನು ದಬ್ಬೇಘಟ್ಟಕ್ಕೆ ಕೊಟ್ಟಿದ್ದರು. ತೋಟದ ಖಾತೆಯನ್ನು ತನ್ನ ಒಬ್ಬನ ಹೆಸರಿಗೆ ಮಾಡಿಸಿಕೊಳ್ಳಲು ಮಲ್ಲೇಶಪ್ಪ ಹಕ್ಕು ಬಿಡುಗಡೆ ಪತ್ರ ಬರೆಸಿ, ತಂಗಿಯ ರುಜು ತರಲು ಯಾರೋ ದಲ್ಲಾಳಿಯ ಕೈಯಲ್ಲಿ ಕಳಿಸಿದ. ತಾನು ಹೋಗಲಿಲ್ಲ. ಪಾರ್ವತಮ್ಮನಿಗೆ ಅದು ಚುಚ್ಚಿತು. ರುಜು ಹಾಕದೆ ಕಾಗದ ವಾಪಸು ಕಳಿಸಿದಳು. ಮಾತಿಗೆ ಮಾತು ಬೆಳೆದು, ಗಂಡನ ಮನೆಯವರು ಬೆನ್ನು ತಟ್ಟಿ, ಪಾಲಿಗೆ ದಾವೆ ಬಿತ್ತು. ತಾಯಿ ಒಂದನೇ ಪ್ರತಿವಾದಿ, ಅಣ್ಣ ಎರಡನೇ ಪ್ರತಿವಾದಿ. ಅವರಿಬ್ಬರ ವಕಾಲತ್ತು ನಮ್ಮ ಸಾಹೇಬರದು.

"ಬಾಯಿ ಬಿಟ್ಟು ಕೇಳಿದ್ರೆ ಇಲ್ಲ ಅಂತಿದ್ನಾ ಸಾರ್? ಕೋರ್ಟಿಗೆ ಎಳೆದ್ಲಲ್ಲ" ಎಂದು ಮಲ್ಲೇಶಪ್ಪ ನಮ್ಮ ಮೇಜಿನ ಮುಂದೆ ಗೊಣಗಿದ. ಕೆಟ್ಟವನಲ್ಲ. ಸ್ವಲ್ಪ ಬಿಗುಮಾನದ ಮನುಷ್ಯ, ನಮ್ಮ ಕಡೆಯ ಗಂಡಸರೆಲ್ಲ ಇರುವ ಹಾಗೆ.

ಪ್ರತಿವಾದ ಪತ್ರ ಕೊಡಲು ಕೋರ್ಟು ಕೊಟ್ಟಿದ್ದ ವಾಯಿದೆಯ ಕಡೆಯ ದಿನ. ಸಾಹೇಬರು ಬೆಳಗಿನಿಂದ ಬೇರೆ ಕೇಸಿನ ವಾದದಲ್ಲಿದ್ದರು. ನಮೂನೆ ತೆಗೆದೆ, ಹೆಸರು ಹಾಕಿದೆ, ಸರ್ವೆ ನಂಬರ್ ಹಾಕಿದೆ, ಪುರುಷ ವಾದಿಯನ್ನು ಸ್ತ್ರೀ ವಾದಿ ಮಾಡಿದೆ. ಮೂರನೇ ಪ್ಯಾರಾ ಹೀಗೆ ಬಂತು: "ವಾದಿಯು ಒಂದನೇ ಪ್ರತಿವಾದಿಯ ಮಗಳು ಎಂಬುದು ಸುಳ್ಳು. ವಾದಿಯು ಈ ಕುಟುಂಬಕ್ಕೆ ಸೇರಿದವಳಲ್ಲ. ಸಂಬಂಧವನ್ನು ಪ್ರತಿವಾದಿಗಳು ಒಪ್ಪುವುದಿಲ್ಲ." ಬರೆಯುವಾಗ ನನ್ನ ಕೈ ನಿಲ್ಲಲಿಲ್ಲ. ಸುಳ್ಳು ಯಾಕೆ ಹೇಳಲಿ, ಅದನ್ನು ನಾನು ಓದಲೂ ಇಲ್ಲ. ಸರ್ವೆ ನಂಬರ್ ಸರಿಯಾಗಿದೆಯೇ ಎಂದು ಮಾತ್ರ ಎರಡು ಸಲ ನೋಡಿದೆ.

ಮಧ್ಯಾಹ್ನ ಮಲ್ಲೇಶಪ್ಪ ತಾಯಿಯನ್ನು ಆಟೋದಲ್ಲಿ ಕರೆದುಕೊಂಡು ಬಂದ. ಗೋಡೆಗೆ ಕೈಯಾನಿಸಿಕೊಂಡು ಆ ಹಣ್ಣು ಮುದುಕಿ ನಮ್ಮ ಕಡಿದಾದ ಮೆಟ್ಟಿಲು ಹತ್ತಿದರು. ಅವನು ತನ್ನ ರುಜುಗಳನ್ನು ಹಾಕಿ, ಸ್ಟಾಂಪು ತರಲು ಕೆಳಗೆ ಹೋದ. ಸಾಹೇಬರ ಫೋನ್ ಬಂತು. "ಶಾರದಮ್ಮ, ಬೇಗ ಬೇಗ. ಈಗ ಕರೀತಾರೆ." ಇಂಕ್ ಪ್ಯಾಡ್ ತೆಗೆದು ಅಜ್ಜಿಯ ಪಕ್ಕದಲ್ಲಿ ಕೂತೆ.

"ಏನವ್ವಾ ಬರ್ದೈತೆ ಇದ್ರಾಗೆ?" ಎಂದು ಅಜ್ಜಿ ಕೇಳಿದರು.

"ಏನಿಲ್ಲ ಕಣಜ್ಜಿ, ಕೋರ್ಟಿನ ಮಾಮೂಲು."

"ರಾಜಿ ಕಾಗ್ದ ಅಲ್ವಾ? ನಮ್ ಮಲ್ಲೇಶ ಹಂಗಂದ."

ಮಲ್ಲೇಶಪ್ಪ ಮುದುಕಿಯನ್ನು ಹೊರಡಿಸಲು ಹಾಗೆ ಹೇಳಿರಬೇಕು. ನಾನು ಹೌದು ಅನ್ನಲಿಲ್ಲ, ಅಲ್ಲ ಅನ್ನಲಿಲ್ಲ. "ಎಲ್ಲ ಸರಿಹೋಯ್ತದೆ ಬಿಡಿ, ಕೈ ಕೊಡಿ ಇಲ್ಲಿ" ಎಂದು ಅಡ್ಡಗೋಡೆಯ ಮೇಲೆ ದೀಪ ಇಟ್ಟೆ. ಅವರ ಎಡಗೈ ಹೆಬ್ಬೆರಳನ್ನು ಹಿಡಿದು ಪ್ಯಾಡಿಗೆ ಒತ್ತಿ, ಹಾಳೆಗೆ ಒತ್ತಿದೆ. ಹಾಳೆಗೊಂದರಂತೆ ಒತ್ತಬೇಕು. ತೆಂಗಿನ ಮಟ್ಟೆ ಸೀಳಿ ಸೀಳಿ ಗೆರೆ ಸವೆದ ಬೆರಳು, ಸರಿಯಾಗಿ ಮೂಡದೆ ಮತ್ತೆ ಮತ್ತೆ ಒತ್ತಿಸಿದೆ.

"ನನ್ ಮಗ್ಳೂ ಬಂದವ್ಳಾ ಕೋರ್ಟಿಗೆ? ಬಂದಿದ್ರೆ ವಸಿ ಮ್ಯಾಕ್ ಕರಿಯವ್ವ. ಮುಖ ನೋಡಿ, ಗೌರಿ ಹಬ್ಬಕ್ಕೆ ಬಾರೇ ಅಂತ ಒಂದ್ ಮಾತು ಹೇಳಿ ಹೋಯ್ತೀನಿ" ಅಂದರು.

"ಇವತ್ತು ಅವರು ಬರಲ್ಲ ಕಣಜ್ಜಿ, ಅಲ್ಲಾಡಬೇಡಿ" ಅಂದೆ.

ಓದು ಬಾರದವರು ಹೆಬ್ಬೆಟ್ಟು ಒತ್ತಿದರೆ ಕೆಳಗೆ ಒಂದು ಒಕ್ಕಣೆ ಇರಬೇಕು. "ಮೇಲ್ಕಂಡ ವಿಷಯವನ್ನು ಒಂದನೇ ಪ್ರತಿವಾದಿಗೆ ಓದಿ ಹೇಳಿದ್ದೇನೆ. ಸರಿಯಿದೆಯೆಂದು ಒಪ್ಪಿ ಹೆಬ್ಬೆಟ್ಟು ಒತ್ತಿರುತ್ತಾರೆ." ಅದರ ಕೆಳಗೆ ನನ್ನ ರುಜು, ಪೂರ್ತಿ ಹೆಸರು. ಎಷ್ಟೋ ವರ್ಷದಿಂದ ಹಾಗೆ ರುಜು ಹಾಕುತ್ತಾ ಬಂದಿದ್ದೆ. ಎಷ್ಟು ಜನಕ್ಕೆ ನಿಜವಾಗಿ ಓದಿ ಹೇಳಿದ್ದೆ ಎಂದು ಕೇಳಿದರೆ ಈ ಮುಖ ಎಲ್ಲಿ ಮುಚ್ಚಿಕೊಳ್ಳಲಿ? ಓದಿ ಹೇಳುವುದಕ್ಕೆ ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ನನ್ನ ಹತ್ತಿರ ಯಾವತ್ತೂ ಇರಲಿಲ್ಲ. ಅಜ್ಜಿಯ ಬೆರಳಿಗೆ ಮೆತ್ತಿದ್ದ ಮಸಿಯನ್ನು ಒರೆಸಲು ಒಂದು ಚೂರು ಕಾಗದ ಕೊಟ್ಟು, ಫೈಲು ಹಿಡಿದುಕೊಂಡು ಕೋರ್ಟಿಗೆ ಓಡಿದೆ.

ಒಂದು ತಿಂಗಳಾಗಿರಬೇಕು. ಊಟದ ಹೊತ್ತಿಗೆ ಒಬ್ಬ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ನಲವತ್ತೈದರ ಆಸುಪಾಸು. ಕೈಯಲ್ಲಿ ಪ್ಲಾಸ್ಟಿಕ್ ಕವರು.

"ಇಲ್ಲಿ ಶಾರದಮ್ಮ ಅನ್ನೋರು ಯಾರು?"

"ನಾನೇ, ಹೇಳಿ."

"ನಾನು ದಬ್ಬೇಘಟ್ಟದ ಪಾರ್ವತಮ್ಮ. ನಿಮ್ ಕಾಗ್ದದಲ್ಲಿ ಯಾರೂ ಅಲ್ದೋಳು."

ಎದುರು ಪಕ್ಷದವರು ಹೀಗೆ ಬರಕೂಡದು. ಕಳಿಸಿಬಿಡಬೇಕು ಎಂದುಕೊಳ್ಳುವಷ್ಟರಲ್ಲಿ ಅವಳು ಕವರಿನಿಂದ ಪ್ರತಿವಾದ ಪತ್ರದ ಪ್ರತಿಯನ್ನು ತೆಗೆದು, ಮೂರನೇ ಪ್ಯಾರಾದ ಮೇಲೆ ಬೆರಳಿಟ್ಟಳು. ಏಳನೇ ಕ್ಲಾಸಿನ ತನಕ ಓದಿದ್ದೇನೆ, ನಾನೇ ಓದಿಕೊಂಡೆ ಅಂದಳು. ನಾನು ಆ ಪ್ಯಾರಾವನ್ನು ಮೊದಲ ಸಲ ಓದಿದ್ದು ಆಗ.

"ಅದು ಕೋರ್ಟಿನ ರೂಢಿ ಕಣಮ್ಮ. ಎಲ್ಲ ಕೇಸಲ್ಲೂ ಹಂಗೇ ಬರೀತಾರೆ. ಮನಸ್ಸಿಗೆ ಹಚ್ಕೋಬೇಡಿ" ಅಂದೆ.

"ಲಾಯರು ಬರೀಲಿ. ನಮ್ಮಣ್ಣನೂ ಆಸ್ತಿ ಆಸೆಗೆ ಹೇಳ್ಳಿ. ನಮ್ಮವ್ವ ಹೆಬ್ಬೆಟ್ಟು ಒತ್ತವ್ಳಲ್ಲ, ಅದು?" ಆಮೇಲೆ ನನ್ನ ರುಜುವಿನ ಮೇಲೆ ಬೆರಳಿಟ್ಟಳು. "ಓದಿ ಹೇಳಿದ್ದೇನೆ ಅಂತ ಹಾಕಿದೀರ. ಅದನ್ನ ಕೇಳೋಕೇ ಬಂದೆ. ನೀವು ನಿಜವಾಗ್ಲೂ ಓದಿ ಹೇಳಿದ್ರಾ?"

ಇಲ್ಲ ಎಂಬ ಒಂದು ಮಾತು ಸಾಕಿತ್ತು. ಅದನ್ನು ಕೇಳುವುದಕ್ಕೇ ಅವಳು ಎರಡು ಬಸ್ಸು ಹಿಡಿದು ಬಂದಿದ್ದಳು. ಇಲ್ಲ ಕಣಮ್ಮ, ನಿಮ್ಮವ್ವನಿಗೆ ಏನೂ ಗೊತ್ತಿಲ್ಲ, ನಿನ್ನನ್ನು ಹಬ್ಬಕ್ಕೆ ಕರೆಯಬೇಕು ಅಂತಿದ್ದರು ಅಂದಿದ್ದರೆ ಅವಳು ಅಲ್ಲಿಂದ ಸೀದಾ ಬಿಳಿಗೆರೆಗೆ ಹೋಗುತ್ತಿದ್ದಳು. ಆದರೆ ಅವಳು ಎದುರು ಪಕ್ಷ. ಓದಿ ಹೇಳಿಲ್ಲ ಎಂದು ನಾನು ಒಪ್ಪಿಕೊಂಡರೆ ಇವಳ ಲಾಯರು ನಾಳೆ ಅದನ್ನೇ ಹಿಡಿದು ಜಗ್ಗುತ್ತಾರೆ, ಸಾಹೇಬರ ಮಾನ ಹೋಗುತ್ತದೆ, ನನ್ನ ಕೆಲಸ ಹೋಗುತ್ತದೆ. ರಂಗಣ್ಣನ ಮುಖ ಬೇರೆ ಕಣ್ಣ ಮುಂದೆ ಬಂತು.

"ಹೇಳ್ದೆ" ಅಂದೆ.

"ನಮ್ಮವ್ವ ಕೇಳಿಸ್ಕಂಡ್ಲಾ?"

"ಕೇಳಿಸ್ಕೊಂಡ್ರು."

"ಏನೂ ಅನ್ಲಿಲ್ವಾ?"

"ಇಲ್ಲ."

ಪಾರ್ವತಮ್ಮ ಕಾಗದವನ್ನು ಮಡಿಸಿ ಕವರಿಗೆ ಹಾಕಿಕೊಂಡಳು. "ಆಯ್ತು ಬಿಡಿ" ಎಂದಳು. ಅಳಲಿಲ್ಲ. ಮೆಟ್ಟಿಲು ಇಳಿದು ಹೋದಳು. ನನ್ನ ಡಬ್ಬಿಯ ಊಟ ಹಾಗೇ ಉಳಿಯಿತು.

ಸಂಜೆ ಸಾಹೇಬರಿಗೆ ಎಲ್ಲ ಹೇಳಿದೆ. ಅವರು ಕಾಗದ ತರಿಸಿ ಓದಿ, "ಥೂ, ಇದು ಇಲ್ಲಿಗ್ಯಾಕೆ ಬಂತು?" ಅಂದರು. ಆ ಪ್ಯಾರಾ ತೆಗೆಯಲು ತಿದ್ದುಪಡಿ ಅರ್ಜಿ ಹಾಕೋಣ ಅಂದರು. ಅವಳಿಗೆ ನಿಜ ಹೇಳಿಬಿಡಲೇ ಸಾರ್ ಎಂದು ಕೇಳಿದೆ. "ಬೇಡ. ಓದಿ ಹೇಳಿಲ್ಲ ಅಂತ ನೀವು ಬಾಯಿ ಬಿಟ್ರೆ ನಾಳೆಯಿಂದ ಈ ಆಫೀಸಿನ ಒಂದು ಕಾಗದವನ್ನೂ ಯಾರೂ ನಂಬಲ್ಲ ಶಾರದಮ್ಮ. ಪಾಟಿ ಸವಾಲಿನಲ್ಲಿ ಎಲ್ಲ ತಾನಾಗೇ ಸರಿಹೋಗುತ್ತೆ" ಅಂದರು. ತಿದ್ದುಪಡಿ ಅರ್ಜಿ ಇವತ್ತು ನಾಳೆ ಎಂದು ನೂರಾರು ಫೈಲುಗಳ ನಡುವೆ ಮರೆತೇ ಹೋಯಿತು. ನಾನು ಒಂದೆರಡು ಸಲ ನೆನಪಿಸಿದೆ, ಆಮೇಲೆ ನಾನೂ ಬಿಟ್ಟೆ. ನನ್ನಿಂದ ಆದ ತಪ್ಪನ್ನು ನಾನೇ ಎತ್ತಿ ಎತ್ತಿ ತೋರಿಸುವಷ್ಟು ದೊಡ್ಡ ಮನಸ್ಸು ನನಗಿರಲಿಲ್ಲ.

ದಾವೆಯ ಎರಡನೆಯ ವರ್ಷ ಸಿದ್ದಗಂಗಮ್ಮ ತೀರಿಕೊಂಡರು. ಅದನ್ನು ಕೋರ್ಟಿಗೆ ತಿಳಿಸಬೇಕಲ್ಲ, ಮಲ್ಲೇಶಪ್ಪ ಮರಣದ ಸರ್ಟಿಫಿಕೇಟ್ ಹಿಡಿದುಕೊಂಡು ಬಂದ. ಅದನ್ನು ಮೇಜಿನ ಮೇಲಿಟ್ಟವನೇ ಆ ಗಟ್ಟಿ ಮನುಷ್ಯ ಗೋಳೋ ಎಂದು ಅತ್ತುಬಿಟ್ಟ.

"ಪಾರ್ವತಿ ಬರ್ಲಿಲ್ಲ ಸಾರ್. ಫೋನ್ ಮಾಡಿದ್ರೆ ಎತ್ಲಿಲ್ಲ. ನಮ್ಮ ಮಾವನ್ನ ಕಳಿಸ್ದೆ. ಸಂಜೆಗಂಟ ಮಣ್ಣು ಮಾಡ್ದೆ ಕಾಯ್ದೋ."

"ಏನಂದಳಂತೆ?" ಸಾಹೇಬರು ಮೆಲ್ಲಗೆ ಕೇಳಿದರು.

"ನನ್ ಮಗ್ಳಲ್ಲ ಅಂತ ಅವ್ವನೇ ಓದಿಸ್ಕಂಡು ಒಪ್ಕಂಡು ಒತ್ತವ್ಳೆ, ಮಗ್ಳಲ್ದೋಳು ಬಂದು ಹೆಂಗೆ ಮಣ್ಣು ಹಾಕ್ಲಿ ಅಂದ್ಲಂತೆ. ಅವ್ವ ಕಡೇಗಂಟ ಬಾಗ್ಲು ಕಡೆನೇ ನೋಡೋಳು ಸಾರ್. ಅಂಥದ್ದೇನು ಬರ್ದಿದ್ರಿ ಅದ್ರಾಗೆ?"

ಸಾಹೇಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಾನು ಕಂಪ್ಯೂಟರಿನ ಹಿಂದೆ ತಲೆ ತಗ್ಗಿಸಿ ಕೂತಿದ್ದೆ.

ಒಬ್ಬ ಪ್ರತಿವಾದಿ ಸತ್ತರೆ ಅವರ ವಾರಸುದಾರರು ಯಾರೆಂದು ಕೋರ್ಟಿಗೆ ಮೆಮೊ ಕೊಡಬೇಕು. ಮಾರನೆಯ ವಾರ ಸಾಹೇಬರು ಹೇಳಿದರು, ನಾನು ಬಡಿದೆ: "ಒಂದನೇ ಪ್ರತಿವಾದಿ ಮೃತರಾಗಿದ್ದು, ಅವರ ಮಗಳಾದ ವಾದಿ ಹಾಗೂ ಮಗನಾದ ಎರಡನೇ ಪ್ರತಿವಾದಿ ಈಗಾಗಲೇ ದಾವೆಯಲ್ಲಿರುತ್ತಾರೆ." ಬದುಕಿದ್ದಾಗ ಮಗಳಲ್ಲ ಎಂದು ಟೈಪ್ ಮಾಡಿದವಳೂ ನಾನೇ, ಸತ್ತ ಮೇಲೆ ಮಗಳು ಎಂದು ಟೈಪ್ ಮಾಡಿದವಳೂ ನಾನೇ. ಕೋರ್ಟಿನಲ್ಲಿ ಯಾರೂ ಅದೇನು ಹಾಗೆ, ಇದೇನು ಹೀಗೆ ಎಂದು ಕೇಳಲಿಲ್ಲ. ಅವತ್ತು ಮನೆಗೆ ಹೋಗಿ ದೇವರ ಮುಂದೆ ಕೂತು ಅತ್ತೆ.

ಮಲ್ಲೇಶಪ್ಪನ ಪಾಟಿ ಸವಾಲಿನ ದಿನ ನಾನು ಫೈಲು ಕೊಡಲು ಹೋಗಿ ಕೋರ್ಟ್ ಹಾಲಿನಲ್ಲೇ ನಿಂತೆ. ಪಾರ್ವತಮ್ಮನೂ ಇದ್ದಳು. ಅವಳ ಲಾಯರು ಅವಳ ಕಡೆ ಕೈ ತೋರಿಸಿ, "ಇವರು ನಿಮಗೆ ಏನಾಗಬೇಕು?" ಎಂದು ಕೇಳಿದರು.

"ಇದೇನ್ ಸ್ವಾಮಿ ಹಿಂಗ್ ಕೇಳ್ತೀರ? ನನ್ ತಂಗಿ, ಒಡಹುಟ್ಟಿದೋಳು."

ಹಾಲಿನಲ್ಲಿ ನಗು ಎದ್ದಿತು.

"ಮತ್ತೆ ಪ್ರತಿವಾದ ಪತ್ರದಲ್ಲಿ ಸಂಬಂಧವೇ ಇಲ್ಲ ಅಂದಿದ್ದೀರಲ್ಲ?"

"ನಂಗೊತ್ತಿಲ್ಲ ಸ್ವಾಮಿ. ಬರ್ದು ಕೊಟ್ರು, ರುಜು ಹಾಕ್ದೆ."

"ನಿಮ್ಮ ತಾಯಿಗೆ ಅದನ್ನು ಓದಿ ಹೇಳಿದ್ದರೇ?"

"ನಾನು ಸ್ಟಾಂಪ್ ತರಾಕೆ ಹೋಗಿದ್ದೆ. ಆವಮ್ಮ ಓದಿ ಹೇಳ್ದೆ ಅಂತ ರುಜು ಹಾಕವ್ರಲ್ಲ" ಎಂದು ಮಲ್ಲೇಶಪ್ಪ ಕಟಕಟೆಯಿಂದ ನನ್ನ ಕಡೆ ನೋಡಿದ. ಪಾರ್ವತಮ್ಮನೂ ನೋಡಿದಳು. ನಾನು ಫೈಲಿನ ದಾರ ಬಿಚ್ಚಿ ಮತ್ತೆ ಕಟ್ಟಿದೆ.

ಸಾಹೇಬರು ಹೇಳಿದ ಹಾಗೆಯೇ ಆಯಿತು. ಆ ಪ್ಯಾರಾ ಒಂದು ನಿಮಿಷದಲ್ಲಿ ಗಾಳಿಗೆ ಹೋಯಿತು. ತೀರ್ಪಿನಲ್ಲಿ ಅದರ ಬಗ್ಗೆ ಒಂದು ಸಾಲೂ ಇರಲಿಲ್ಲ. ಪಾರ್ವತಮ್ಮನಿಗೆ ಪಾಲು ಸಿಕ್ಕಿತು. ತೋಟ ಅಳೆಯುವ ದಿನ ಅಣ್ಣ ತಂಗಿ ಎದುರುಬದುರಾಗಿ ನಿಂತು, ಇಬ್ಬರೂ ಅತ್ತು, ಮಾತು ಶುರುಮಾಡಿದರು ಎಂದು ಆಮೇಲೆ ಕೇಳಿದೆ. ಕೋರ್ಟಿಗೆ ಹೋದರೆ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರೆ. ಇಲ್ಲಿ ಗೆಲ್ಲಲೂ ಇಲ್ಲ ಸೋಲಲೂ ಇಲ್ಲ ಅನ್ನುವ ಹಾಗೆ ಮಕ್ಕಳಿಬ್ಬರೂ ಒಂದಾದರು. ಏನೂ ತಿಳಿಯದೆ ಹೋದವರು ಆ ತಾಯಿ ಒಬ್ಬರೇ.

ಆ ತೀರ್ಪಾದ ಮೇಲೆ ನಾನು ಆ ನಮೂನೆಯನ್ನು ಅಳಿಸಿಹಾಕಿದೆ. ಯಾರೇ ಹೆಬ್ಬೆಟ್ಟಿನವರು ಬರಲಿ, ಸಾಹೇಬರು ಎಷ್ಟೇ ಅವಸರ ಮಾಡಲಿ, ಮೊದಲಿನಿಂದ ಕಡೆಯವರೆಗೆ ಓದಿ ಹೇಳದೆ ಪ್ಯಾಡ್ ತೆಗೆಯುತ್ತಿರಲಿಲ್ಲ. ಎಷ್ಟೋ ಜನ ಓದುವಾಗಲೇ, "ಅಯ್ಯೋ, ಇದ್ ಬ್ಯಾಡ ತೆಗೀರಿ, ನಾಳೆ ಮುಖ ನೋಡ್ಬೇಕು ನಾವು" ಅಂದಿದ್ದಾರೆ. ತೆಗೆದಿದ್ದೇನೆ. ನಿಮಗೆ ನಾನು ಹೇಳಬೇಕಾದ ಬುದ್ಧಿಮಾತು ಇದೊಂದೇ. ನಾನು ಅದನ್ನು ಕಲಿಯುವುದಕ್ಕೆ ಬೇರೆಯವರ ಮನೆ ಬೇಕಾಯಿತು.

ಸಾಹೇಬರು ತೀರಿಕೊಂಡರು. ನಾನೂ ಕೆಲಸ ಬಿಟ್ಟು ಮನೆಯಲ್ಲಿ ಕೂತೆ. ಅವರ ಮಾನ ಹೋಗುತ್ತದೆ ಎಂಬ ನೆಪವೂ ಉಳಿಯಲಿಲ್ಲ, ಕೆಲಸ ಹೋಗುತ್ತದೆ ಎಂಬ ನೆಪವೂ ಉಳಿಯಲಿಲ್ಲ. ಕಳೆದ ವರ್ಷ ಒಂದು ದಿನ ಬೆಳಗ್ಗೆ ಎದ್ದು ಬಸ್ಸು ಹಿಡಿದು ದಬ್ಬೇಘಟ್ಟಕ್ಕೆ ಹೋದೆ.

ಪಾರ್ವತಮ್ಮ ಅಂಗಳದಲ್ಲಿ ಹುರುಳಿ ಕೇರುತ್ತಿದ್ದಳು. ಗುರುತು ಹಿಡಿದಳು. "ಬನ್ನಿ, ಕೂತ್ಕಳಿ" ಅಂದಳು, ಮುಖದಲ್ಲಿ ಏನೂ ಇರಲಿಲ್ಲ. ನಾನು ಕೂರದೆ ನಿಂತೇ ಹೇಳಿಬಿಟ್ಟೆ, ಕೂತರೆ ಧೈರ್ಯ ಹೋಗುತ್ತದೆ ಎಂದು. ಓದಿ ಹೇಳಿರಲಿಲ್ಲ ಕಣಮ್ಮ. ನಿಮ್ಮವ್ವನಿಗೆ ಒಂದಕ್ಷರ ಗೊತ್ತಿರಲಿಲ್ಲ. ರಾಜಿ ಕಾಗದ ಎಂದೇ ಒತ್ತಿದರು. ನನ್ನ ಮಗಳು ಬಂದಿದ್ದರೆ ಮೇಲಕ್ಕೆ ಕರಿ, ಗೌರಿ ಹಬ್ಬಕ್ಕೆ ಬಾ ಅಂತ ಹೇಳಬೇಕು ಅಂದರು. ನಾನು ನಿನಗೆ ಸುಳ್ಳು ಹೇಳಿದೆ.

ಮೊರ ನಿಂತಿತು. ಅವಳು ನನ್ನನ್ನು ಬೈಯುತ್ತಾಳೆ, ಮೊರದಲ್ಲೇ ಹೊಡೆಯುತ್ತಾಳೆ ಎಂದುಕೊಂಡು ನಿಂತಿದ್ದೆ. ಹೊಡೆದಿದ್ದರೆ ಕೈ ಮುಗಿದು ಹೊಡೆಸಿಕೊಳ್ಳುತ್ತಿದ್ದೆ. ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. "ಅವತ್ತೇ ಹೇಳಿದ್ರೆ ಬಿಳಿಗೆರೆ ಬಸ್ ಹತ್ತಿದ್ದೆ" ಎಂದಳು, ಅಷ್ಟೇ. ಆಮೇಲೆ ಎದ್ದು ಒಳಗೆ ಹೋಗಿ ಕಾಫಿ ತಂದಳು. ಬೇಡ ಎಂದರೂ ಬಿಡಲಿಲ್ಲ. ಅವಳ ಮನೆಯ ಕಾಫಿ ಕುಡಿಯುವುದಕ್ಕಿಂತ ದೊಡ್ಡ ಶಿಕ್ಷೆ ನನಗೆ ಯಾವ ಕೋರ್ಟೂ ಕೊಡುತ್ತಿರಲಿಲ್ಲ.

ಬಸ್ಸಿನ ತನಕ ಜೊತೆಗೆ ಬಂದಳು. ಬಸ್ಸು ಬರುವುದು ಕಾಣಿಸಿದಾಗ ನನ್ನ ಕೈ ಹಿಡಿದುಕೊಂಡಳು.

"ದಾವೆ ಹಾಕೋ ಮೊದಲಿಂದ್ಲೂ ನಾನು ನಮ್ಮವ್ವನ್ನ ನೋಡಿರ್ಲಿಲ್ಲ. ಆಮೇಲೂ ನೋಡ್ಲಿಲ್ಲ. ಅಕ್ಕಾ, ಅವತ್ತು ನಿಮ್ಮ ಆಫೀಸಿಗೆ ಬಂದಾಗ ಹೆಂಗಿದ್ಲು ನಮ್ಮವ್ವ? ಯಾವ ಸೀರೆ ಉಟ್ಟಿದ್ಲು? ಸೊರಗಿದ್ಲಾ?"

ನೆನಪು ಮಾಡಿಕೊಳ್ಳಲು ನೋಡಿದೆ. ಸರ್ವೆ ನಂಬರ್ ನೆನಪಿತ್ತು, ಹಾಳೆ ಎಷ್ಟು ಎಂಬುದು ನೆನಪಿತ್ತು, ಗೆರೆ ಸವೆದ ಆ ಹೆಬ್ಬೆರಳು ನೆನಪಿತ್ತು. ಸೀರೆ ಇಲ್ಲ, ಮುಖ ಇಲ್ಲ. ಇನ್ನೊಂದು ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು, ಹಸಿರು ಸೀರೆ, ಚೆನ್ನಾಗಿದ್ದರು ಎಂದು.

"ನೋಡ್ಲಿಲ್ಲ ಕಣಮ್ಮ" ಅಂದೆ.

ಅವಳು ನನ್ನ ಕೈ ಬಿಡಲಿಲ್ಲ. "ಅಯ್ಯೋ, ನೀವಾದ್ರೂ ನೋಡ್ಕಬಾರ್ದಾಗಿತ್ತಾ ಅಕ್ಕಾ" ಅಂದಳು.